ಮಳೆಗಾಲಕ್ಕೂ ಕರಗದ ಹೆಜ್ಜೆಗುರುತು

ಸಾಕಿದ ನಾಯಿಯೋ ಬೆಕ್ಕೋ ತೀರಿಕೊಂಡ ಮೇಲೆ ಮನೆಯಲ್ಲಿ ಫೋಟೋಗಳು ಬೇಕಾದಷ್ಟು ಉಳಿದಿರುತ್ತವೆ. ಆದರೆ ಕೈಯಿಂದ ಮುಟ್ಟಿ ನೋಡಬಹುದಾದದ್ದು ಬಹಳ ಕಡಿಮೆ. ಅದರ ಪಾದದ ಅಚ್ಚನ್ನು ತೆಗೆದು, ಒಂದಿಷ್ಟು ರೋಮ ಮತ್ತು ಕೊರಳಪಟ್ಟಿಯ ಜೊತೆಗೆ ಗಾಜಿನ ಚೌಕಟ್ಟಿನಲ್ಲಿ ಇರಿಸುವುದು ಮನೆಯಲ್ಲೇ ಮಾಡಬಹುದಾದ ಕೆಲಸ. ಆದರೆ ಮುಂಬೈಯಲ್ಲಿ ಇದನ್ನು ಮಾಡುವವರು ಇಲ್ಲಿನ ನಾಲ್ಕು ತಿಂಗಳ ಮಳೆಯನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಾನು ಇದನ್ನು ಕಲಿತದ್ದು ನಷ್ಟದಿಂದ. ಮಾಟುಂಗಾದ ನಮ್ಮ ಮನೆಯಲ್ಲಿ ಹದಿಮೂರು ವರ್ಷ ಬಾಳಿದ ಕೆಂಚನ ಮೂತ್ರಪಿಂಡಗಳು ಸೋತಿವೆ ಎಂದು ತಿಳಿದ ಮೇ ತಿಂಗಳಲ್ಲಿ, ಎರಡು ಬಟ್ಟಲು ಮೈದಾ, ಒಂದು ಬಟ್ಟಲು ಉಪ್ಪು, ಒಂದು ಬಟ್ಟಲು ನೀರು ಕಲಸಿದ ಹಿಟ್ಟಿನಲ್ಲಿ ಅವನ ಮುಂಗಾಲಿನ ಗುರುತು ತೆಗೆದು, ಓವನ್ನಿನಲ್ಲಿ ಒಣಗಿಸಿ ಇಟ್ಟಿದ್ದೆವು. ಎಲ್ಲರೂ ಹೇಳಿಕೊಡುವ ವಿಧಾನ ಇದೇ. ಜುಲೈ ಬರುವಷ್ಟರಲ್ಲಿ ಅದು ಬೆವರತೊಡಗಿತು, ಬೆರಳಿಟ್ಟರೆ ಅಂಟುವಂತಾಯಿತು, ಆಮೇಲೆ ಬೂಸು ಹಿಡಿಯಿತು. ಗಾಳಿಯ ತೇವಾಂಶ ಸುಮಾರು ಶೇ 75 ದಾಟಿದರೆ ಉಪ್ಪು ತಾನಾಗಿಯೇ ನೀರು ಹೀರಿ ಕರಗತೊಡಗುತ್ತದೆ; ಮುಂಬೈಯ ಜುಲೈಯಲ್ಲಿ ತೇವಾಂಶ ಅದಕ್ಕಿಂತ ಕೆಳಗಿಳಿಯುವುದೇ ಅಪರೂಪ. ಕೆಂಚ ಆಗ ಇನ್ನೂ ಇದ್ದದ್ದರಿಂದ ಎರಡನೆಯ ಅವಕಾಶ ಸಿಕ್ಕಿತು. ಎಲ್ಲರಿಗೂ ಅದು ಸಿಗುವುದಿಲ್ಲವಾದ್ದರಿಂದ ಉಪ್ಪಿನ ಹಿಟ್ಟನ್ನು ಈ ಊರಿನಲ್ಲಿ ಬಿಟ್ಟುಬಿಡಿ ಎಂದೇ ಹೇಳುತ್ತೇನೆ.

ಅದರ ಬದಲು ಜೇಡಿಮಣ್ಣಿನಲ್ಲಿ ಅಚ್ಚು ತೆಗೆದು, ಪ್ಲಾಸ್ಟರ್ ಆಫ್ ಪ್ಯಾರಿಸ್ ಎರಕ ಹೊಯ್ಯುವುದು ಉತ್ತಮ. ಗಣೇಶೋತ್ಸವಕ್ಕೆ ಮುನ್ನ ಮೂರ್ತಿಕಾರರು ಬಳಸುವ ಶಾಡು ಮಣ್ಣು ಇದಕ್ಕೆ ಹೇಳಿ ಮಾಡಿಸಿದಂತಿದೆ. ಅದರ ಕಣಗಳು ಎಷ್ಟು ನುಣುಪೆಂದರೆ ಪಾದದ ಮೆತ್ತೆಯ ಬಿರುಕುಗಳು ಕೂಡ ಅದರಲ್ಲಿ ಮೂಡುತ್ತವೆ. ಲಾಲ್‌ಬಾಗ್ ಮತ್ತು ಪರೇಲ್ ಸುತ್ತಲಿನ ಮೂರ್ತಿಶಾಲೆಗಳಲ್ಲಿ ಕೇಳಿದರೆ ಒಂದೆರಡು ಕಿಲೋ ಸಿಗುವುದು ಕಷ್ಟವಲ್ಲ. ಮಣ್ಣನ್ನು ಚಪಾತಿ ಹಿಟ್ಟಿನ ಹದಕ್ಕೆ ನಾದಿ, ಗಾಳಿಯ ಗುಳ್ಳೆಗಳು ಹೋಗುವಂತೆ ಮಣೆಗೆ ಬಡಿದು, ಎರಡು ಸೆಂಟಿಮೀಟರ್ ದಪ್ಪದ ಬಿಲ್ಲೆ ಮಾಡಿಕೊಳ್ಳಿ.

ಪ್ರಾಣಿ ಮಲಗಿ ನಿದ್ದೆಗೆ ಜಾರುತ್ತಿರುವ ಹೊತ್ತನ್ನು ಆರಿಸಿಕೊಳ್ಳುವುದು ಒಳ್ಳೆಯದು. ಪಾದವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮೆತ್ತೆಗಳ ನಡುವೆ ಉದ್ದಕ್ಕೆ ಬೆಳೆದ ರೋಮವನ್ನು ಕತ್ತರಿಸಿ ತೆಗೆದಿಡಿ. ಅದನ್ನು ಎಸೆಯಬೇಡಿ, ಮುಂದೆ ಬೇಕಾಗುತ್ತದೆ. ಕಾಲನ್ನು ಎಳೆದು ಮಣ್ಣಿಗೆ ಒತ್ತುವ ಬದಲು, ಬಿಲ್ಲೆಯನ್ನು ಅಂಗೈ ಮೇಲಿಟ್ಟುಕೊಂಡು ಪಾದದ ಬಳಿಗೆ ಒಯ್ದು, ಮೊದಲು ನಡುವಿನ ದೊಡ್ಡ ಮೆತ್ತೆ, ನಂತರ ಒಂದೊಂದೇ ಬೆರಳು ಎಂಬಂತೆ ಮೆಲ್ಲನೆ ಒತ್ತಬೇಕು. ಕೆಂಚನ ಬಲಗಾಲಿನ ಹೊರಬೆರಳಿನ ಉಗುರು ಎಂದೋ ಮುರಿದು ಓರೆಯಾಗಿ ಬೆಳೆದಿತ್ತು. ಅದೂ ಹಾಗೆಯೇ ಮೂಡಿದೆ, ಇಂದಿಗೂ ನನ್ನ ಹೆಬ್ಬೆರಳು ಮೊದಲು ಹೋಗುವುದು ಅಲ್ಲಿಗೇ. ಪ್ರಾಣಿ ಆಗಲೇ ತೀರಿಕೊಂಡಿದ್ದರೂ ಇದೇ ವಿಧಾನ ಸಾಕು; ಆದರೆ ಕೆಲವೇ ಗಂಟೆಗಳಲ್ಲಿ ಕಾಲು ಸೆಡೆತುಕೊಳ್ಳುವುದರಿಂದ ತಡಮಾಡಬಾರದು. ಮಲಾಡಿನಲ್ಲಿ ಮಹಾನಗರಪಾಲಿಕೆ 2023ರಲ್ಲಿ ಆರಂಭಿಸಿದ ಪ್ರಾಣಿಗಳ ಚಿತಾಗಾರಕ್ಕೆ ಒಯ್ಯುವವರು, ಮನೆಯಿಂದ ಹೊರಡುವ ಮುನ್ನವೇ ಈ ಕೆಲಸ ಮುಗಿಸಿಕೊಳ್ಳಲಿ.

ಇನ್ನು ಎರಕ. ಮಣ್ಣು ಒಣಗಿ ಕುಗ್ಗಿದರೆ ಗುರುತು ಬಿರಿಯುತ್ತದೆ, ಆದ್ದರಿಂದ ಒಂದು ಗಂಟೆಯೊಳಗೆ ಹೊಯ್ಯಬೇಕು. ಬಿಲ್ಲೆಯ ಸುತ್ತ ರಟ್ಟಿನ ಪಟ್ಟಿಯಿಂದ ಕಟ್ಟೆ ಕಟ್ಟಿ, ಸಂದುಗಳನ್ನು ಮಣ್ಣಿನಿಂದಲೇ ಮುಚ್ಚಿ. ಒಂದು ಅಳತೆ ನೀರಿಗೆ ಸುಮಾರು ಎರಡು ಅಳತೆ ಪುಡಿ ಬೇಕು. ಪುಡಿಯನ್ನು ನೀರಿಗೆ ಉದುರಿಸಬೇಕೇ ಹೊರತು ಪುಡಿಗೆ ನೀರು ಸುರಿಯಬಾರದು, ಸುರಿದರೆ ಗಂಟುಗಟ್ಟುತ್ತದೆ. ಎರಡು ನಿಮಿಷ ನೆನೆಯಲು ಬಿಟ್ಟು, ನೊರೆ ಏಳದಂತೆ ನಿಧಾನವಾಗಿ ಕಲಕಿದರೆ ದೋಸೆ ಹಿಟ್ಟಿನ ಹದ ಬರುತ್ತದೆ. ಅದನ್ನು ಒಂದು ಮೂಲೆಯಿಂದ ಸಣ್ಣ ಧಾರೆಯಾಗಿ ಹೊಯ್ದು, ಮಣೆಯನ್ನು ಕೆಳಗಿನಿಂದ ತಟ್ಟುತ್ತಿದ್ದರೆ ಗುಳ್ಳೆಗಳು ಮೇಲಕ್ಕೆ ಬಂದು ಒಡೆಯುತ್ತವೆ. ಪುಡಿ ನೀರಿನೊಡನೆ ಸೇರಿ ಮತ್ತೆ ಜಿಪ್ಸಂ ಆಗುವಾಗ ಚರ್ಮ ಸುಡುವಷ್ಟು ಬಿಸಿ ಹುಟ್ಟಬಹುದು. ಈ ಕಾರಣಕ್ಕೆ ಪ್ರಾಣಿಯ ಪಾದವನ್ನಾಗಲಿ ಮಗುವಿನ ಕೈಯನ್ನಾಗಲಿ ನೇರವಾಗಿ ಪ್ಲಾಸ್ಟರಿನಲ್ಲಿ ಎಂದಿಗೂ ಅದ್ದಬಾರದು. ಉಳಿದದ್ದನ್ನು ಬಚ್ಚಲಿಗೆ ಸುರಿದರೆ ಕೊಳವೆಯೊಳಗೆ ಕಲ್ಲಾಗುತ್ತದೆ. ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ.

ಹದಿನೈದು ನಿಮಿಷದ ಹೊತ್ತಿಗೆ ಹಿಂಬದಿ ಇನ್ನೂ ಮೆದುವಾಗಿರುತ್ತದೆ. ಹೆಸರು ಬರೆಯುವ ಸಮಯ ಅದೇ. ಸಾಕಿದ ಪ್ರಾಣಿಯ ಹೆಸರನ್ನು ಬರೆದಿಡುವುದು ನಮ್ಮ ನುಡಿಗೆ ಹೊಸತಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಶ. 949-50ರ ಶಾಸನದಲ್ಲಿ, ಮಣಲೇರ ಎಂಬ ವೀರನು ತನ್ನ ಶೌರ್ಯಕ್ಕೆ ಬಹುಮಾನವಾಗಿ ಕೇಳಿ ಪಡೆದ ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತದ್ದನ್ನು ಕನ್ನಡದಲ್ಲೇ ಕೆತ್ತಲಾಗಿದೆ. ಆ ಕಾದಾಟದ ಚಿತ್ರವೂ ಕಲ್ಲಿನ ಮೇಲಿದೆ. ಸಾವಿರ ವರ್ಷ ದಾಟಿದರೂ ಆ ನಾಯಿಯನ್ನು ನಾವು ಹೆಸರು ಹಿಡಿದೇ ಕರೆಯುತ್ತೇವೆ. ಆದ್ದರಿಂದ ನಿಮ್ಮ ಪ್ರಾಣಿಯ ಹೆಸರನ್ನೂ ಕನ್ನಡದಲ್ಲೇ ಬರೆಯಿರಿ. ನಮ್ಮ ಅಕ್ಷರಗಳು ದುಂಡಗಿರುವುದರಿಂದ ಚಾಕುವಿನ ತುದಿ ಬೇಡ, ಸ್ವೆಟರ್ ಹೆಣೆಯುವ ಕಡ್ಡಿಯ ಮೊಂಡು ತುದಿ ಚೆನ್ನಾಗಿ ತಿರುಗುತ್ತದೆ. ‘ಕೆಂಚ’ದಲ್ಲಿ ಒತ್ತಕ್ಷರ ಇಲ್ಲದ್ದು ನಮಗೆ ಅನುಕೂಲವಾಯಿತು, ಇದ್ದವರು ಒತ್ತನ್ನು ತುಸು ದೂರವಿಟ್ಟು ಬರೆಯಲಿ.

ಅರ್ಧ ಗಂಟೆಯ ನಂತರ ಮಣ್ಣನ್ನು ಬಿಡಿಸಿ, ಉಳಿದ ಜಿಗುಟನ್ನು ಮೆದು ಬ್ರಷ್ಷಿನಿಂದ ತೊಳೆಯಿರಿ. ಬೇಸಿಗೆಯಲ್ಲಿ ಎರಡು ದಿನ, ಮಳೆಗಾಲದಲ್ಲಿ ಫ್ಯಾನಿನ ಕೆಳಗೆ ಒಂದು ವಾರಕ್ಕೂ ಹೆಚ್ಚು ಒಣಗಿಸಬೇಕು. ಕೆನ್ನೆಗೆ ತಾಗಿಸಿದಾಗ ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ ಎಂದರ್ಥ. ಪೂರ್ತಿ ಒಣಗಿದ ಮೇಲಷ್ಟೇ ಎರಡು ಸಲ ವಾರ್ನಿಷ್ ಬಳಿಯಿರಿ.

ರೋಮವನ್ನು ಸೌಮ್ಯ ಶಾಂಪೂವಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ದಾರದಿಂದ ಕಟ್ಟಿ ಪುಟ್ಟ ಗಾಜಿನ ಸೀಸೆಗೆ ಹಾಕಿ. ಚೌಕಟ್ಟು ಐದು ಸೆಂಟಿಮೀಟರಾದರೂ ಆಳವಿರಲಿ. ಫೋಟೋ ಗಾಜಿಗೆ ತಾಗಿದ್ದರೆ ತೇವದಲ್ಲಿ ಅಂಟಿಕೊಂಡು ಹಾಳಾಗುತ್ತದೆ, ನಡುವೆ ದಪ್ಪ ರಟ್ಟಿನ ಅಂಚು ಕೊಡಿ. ಮಳೆ ಬಡಿಯುವ ಹೊರಗೋಡೆಗೆ ಇದನ್ನು ತೂಗುಹಾಕುವುದು ಸರಿಯಲ್ಲ, ಒಳಗೋಡೆಯೇ ಆಗಬೇಕು.

ಮೂಲೆಯಲ್ಲಿ ನೀಲಿ ಸಿಲಿಕಾ ಜೆಲ್‌ನ ಪೊಟ್ಟಣವೊಂದನ್ನು ಅಡಗಿಸಿಟ್ಟಿದ್ದೇವೆ. ಅನಂತ ಚತುರ್ದಶಿ ಕಳೆದು ಮಳೆ ಹಿಮ್ಮೆಟ್ಟಿದಾಗ ಅದು ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ. ಅಂದು ಚೌಕಟ್ಟು ತೆರೆದು, ಪೊಟ್ಟಣ ಬದಲಿಸಿ, ಪಾದವನ್ನು ಒಣಬಟ್ಟೆಯಿಂದ ಒರೆಸುತ್ತೇನೆ. ಕೊರಳಪಟ್ಟಿಯ ಗೆಜ್ಜೆ ಆಗ ಒಮ್ಮೆ ಸದ್ದು ಮಾಡುತ್ತದೆ.