ಯುಎಸ್‌ಬಿ ಎಲ್ಲಾ ಒಟ್ಟಿಗೇ ಸತ್ತರೆ: ಪವರ್ ಬಟನ್ ಒತ್ತುವ ಮೊದಲು

ತೊಗರಿ ಸುಗ್ಗಿಯ ದಿನಗಳು. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನ ಚಿಕ್ಕಪ್ಪನ ಮಗನ ಝೆರಾಕ್ಸ್ ಅಂಗಡಿ ಇದೆ. ಪಹಣಿ ಪ್ರಿಂಟ್ ತೆಗೆಸಲು ಹಳ್ಳಿಯಿಂದ ಬಂದವರು ಬಾಗಿಲತನಕ ನಿಂತಿದ್ದರು. ಅವನ ಲಿನಕ್ಸ್ ಕಂಪ್ಯೂಟರಿನ ಪ್ರಿಂಟರ್, ಬೆರಳಚ್ಚು ಮಶೀನ್, ಮೌಸ್ ಎಲ್ಲಾ ಒಂದೇ ಏಟಿಗೆ ನಿಂತುಹೋದವು. ಫೋನ್ ಬಂತು. ಕರ್ನಲ್ ಲಾಗ್ (ಲಿನಕ್ಸಿನ ತಿರುಳಾದ ಕರ್ನಲ್ ಬರೆದಿಡುವ ದಿನಚರಿ) ನೋಡು ಎಂದೆ. “ಕೀಬೋರ್ಡೇ ಸತ್ತದ ಅಣ್ಣಾ, ಏನ್ ಒತ್ಲಿ?” ಎಂದ. ಪವರ್ ಬಟನ್ ಒತ್ತಿ ಹಿಡಿದ. ಕಂಪ್ಯೂಟರ್ ಎದ್ದಿತು, ಕಾರಣ ಮಾತ್ರ ಸಿಗಲಿಲ್ಲ. ಎರಡು ದಿನಕ್ಕೆ ಮತ್ತೆ ಅದೇ ಕತೆ.

ಹಾಗಾಗಿ ಮೊದಲ ಕೆಲಸ, ಕೀಬೋರ್ಡ್ ಇಲ್ಲದೆಯೂ ಒಳಗೆ ಹೋಗುವ ದಾರಿ ಮಾಡಿಟ್ಟುಕೊಳ್ಳುವುದು. ಕಂಪ್ಯೂಟರ್ ಚೆನ್ನಾಗಿರುವಾಗಲೇ ಎಸ್‌ಎಸ್‌ಎಚ್ ಸರ್ವರ್, ಅಂದರೆ ನೆಟ್‌ವರ್ಕ್ ಮೂಲಕ ಬೇರೆ ಕಡೆಯಿಂದ ಲಾಗಿನ್ ಆಗಲು ಬಿಡುವ ಪ್ರೋಗ್ರಾಂ, ಆನ್ ಮಾಡಿಡಿ. ಮೊಬೈಲಿನಿಂದಲೇ ಲಾಗಿನ್ ಆಗಬಹುದು. ಆದರೆ ನೆಟ್ ಬರುವುದು ಯುಎಸ್‌ಬಿ ವೈಫೈ ಡಾಂಗಲಿನಿಂದ ಆಗಿದ್ದರೆ ಅದೂ ಸಾಯುತ್ತದೆ ಅಲ್ವಾ? ಅದಕ್ಕೆ ಲ್ಯಾನ್ ವೈರ್ ಹಾಕಿಡಿ. ಲ್ಯಾಪ್‌ಟಾಪಿನವರಿಗೆ ಈ ತೊಂದರೆ ಕಡಿಮೆ. ಅದರ ಸ್ವಂತ ಕೀಬೋರ್ಡ್ ಸಾಮಾನ್ಯವಾಗಿ ಯುಎಸ್‌ಬಿ ಮೇಲೆ ಇರುವುದಿಲ್ಲ.

ಒಳಗೆ ಹೋದ ಮೇಲೆ ಡಿ, ಎಂ, ಇ, ಎಸ್, ಜಿ ಎಂದು ಟೈಪ್ ಮಾಡಿ. ಕರ್ನಲ್ ತಾನು ಕಂಡದ್ದನ್ನು ಸಾಲುಸಾಲಾಗಿ ಹೇಳುತ್ತದೆ. ಇಲ್ಲಿ ಅವಸರ ಬೇಡ. ಕೆಟ್ಟದ್ದು ಒಂದು ಸಾಧನವೋ, ಇಡೀ ಕಂಟ್ರೋಲರೋ ಎಂಬುದು ಮೊದಲು ಗೊತ್ತಾಗಬೇಕು. ಕಂಟ್ರೋಲರ್ ಎಂದರೆ ಎಲ್ಲಾ ಪೋರ್ಟುಗಳ ಹಿಂದೆ ಕೂತು ಮಾತುಕತೆ ನಡೆಸುವ ಚಿಪ್. ಯುಎಸ್‌ಬಿ 3 ಇರುವ ಕಂಪ್ಯೂಟರುಗಳಲ್ಲಿ ಅದನ್ನು ನಡೆಸುವ ಡ್ರೈವರಿನ (ಕರ್ನಲ್ ಪರವಾಗಿ ಚಿಪ್ ಜೊತೆ ಮಾತಾಡುವ ಪ್ರೋಗ್ರಾಂ) ಹೆಸರು ಎಕ್ಸ್‌ಎಚ್‌ಸಿಐ. ಅದು ಒಂದು ಆಜ್ಞೆ ಕೊಟ್ಟು ಸಾಮಾನ್ಯವಾಗಿ 5 ಸೆಕೆಂಡ್ ಕಾಯುತ್ತದೆ. ಚಿಪ್ ಉಸಿರೆತ್ತದಿದ್ದರೆ ಕೊನೆಗೆ ‘ಎಚ್‌ಸಿ ಡೈಡ್’ (ಹೋಸ್ಟ್ ಕಂಟ್ರೋಲರ್ ಸತ್ತಿತು) ಎಂದು ಬರೆದು ಎಲ್ಲಾ ಸಾಧನಗಳನ್ನೂ ಕಳಚಿಬಿಡುತ್ತದೆ.

ಆ ಸಾಲು ಸಿಕ್ಕರೆ ಅಲ್ಲಿಗೇ ನಿಲ್ಲಬೇಡಿ, ಮೇಲಕ್ಕೆ ಹೋಗಿ. ಅಸಲಿ ಸುಳಿವು ಇರುವುದು ಅದಕ್ಕಿಂತ ಹಿಂದಿನ ಸಾಲುಗಳಲ್ಲಿ. ಅಲ್ಲಿ ಮೈನಸ್ ಸೇರಿದ ಎರರ್ ನಂಬರುಗಳಿರುತ್ತವೆ. ಮೈನಸ್ 71 ಕಂಡರೆ ಮಾತುಕತೆಯೇ ಕೆಟ್ಟಿದೆ, ಮೊದಲ ಅನುಮಾನ ಕೇಬಲ್, ಪಿನ್, ಕರೆಂಟಿನ ಮೇಲೆ. ಮೈನಸ್ 110 ಎಂದರೆ ಹೇಳಿದ ಸಮಯದೊಳಗೆ ಉತ್ತರ ಬರಲಿಲ್ಲ. ಮೈನಸ್ 32 ಎಂದರೆ ಸಾಧನ ಬದುಕಿದೆ, ಈ ಕೆಲಸ ಆಗದು ಎನ್ನುತ್ತಿದೆ. ಎರಡನೇ ಸಲ ನಮಗೆ ಸಿಕ್ಕಿದ್ದು ಒಂದೇ ಪೋರ್ಟಿನಿಂದ ಮತ್ತೆ ಮತ್ತೆ ಬಂದ ಮೈನಸ್ 71. ಆ ಪೋರ್ಟಿನಲ್ಲಿ ಒಂದು ಅಗ್ಗದ ಹಬ್, ಹಬ್ಬಿಗೆ ಪೋರ್ಟಬಲ್ ಹಾರ್ಡ್ ಡಿಸ್ಕ್ ಮತ್ತು ಬೆರಳಚ್ಚು ಮಶೀನ್.

ಈಗ ಎಬ್ಬಿಸುವ ಕೆಲಸ. ಒಂದೇ ಸಾಧನ ಕೆಟ್ಟಿದ್ದರೆ ಕಿತ್ತು ಬೇರೆ ಪೋರ್ಟಿಗೆ ಹಾಕಿ, ಕೇಬಲ್ ಬದಲಿಸಿ, ಸಾಕು. ಇಡೀ ಕಂಟ್ರೋಲರ್ ಹೋಗಿದ್ದರೆ ಡ್ರೈವರನ್ನು ಅದರಿಂದ ಬಿಡಿಸಿ ಮತ್ತೆ ಕಟ್ಟಬೇಕು. ಎಲ್‌ಎಸ್‌ಪಿಸಿಐ ಆಜ್ಞೆಗೆ ಮೈನಸ್ ದೊಡ್ಡ ಡಿ ಸೇರಿಸಿದರೆ ಕಂಟ್ರೋಲರಿನ ಪೂರ್ತಿ ವಿಳಾಸ ಸಿಗುತ್ತದೆ. ಇಂಟೆಲ್ ಬೋರ್ಡುಗಳಲ್ಲಿ ಅದು ಹೆಚ್ಚಾಗಿ 0000:00:14.0. ‘ಸಿಸ್’ ಫೋಲ್ಡರಿನಲ್ಲಿ ಬಸ್, ಪಿಸಿಐ, ಡ್ರೈವರ್ಸ್ ದಾಟಿ ಎಕ್ಸ್‌ಎಚ್‌ಸಿಐ ಅಂಡರ್‌ಸ್ಕೋರ್ ಎಚ್‌ಸಿಡಿ ಒಳಗೆ ‘ಅನ್‌ಬೈಂಡ್’, ‘ಬೈಂಡ್’ ಎಂಬ ಎರಡು ಫೈಲುಗಳಿವೆ. ರೂಟ್ (ಎಲ್ಲಾ ಅಧಿಕಾರ ಇರುವ ಬಳಕೆದಾರ) ಆಗಿ ಮೊದಲನೆಯದಕ್ಕೆ ವಿಳಾಸ ಬರೆಯಿರಿ, 3 ಸೆಕೆಂಡ್ ಬಿಡಿ, ಎರಡನೆಯದಕ್ಕೆ ಅದನ್ನೇ ಬರೆಯಿರಿ.

ಒಂದು ಎಚ್ಚರ. ಮೂರನ್ನೂ ಒಂದೇ ಸಾಲಿನಲ್ಲಿ, ನಡುವೆ ಸೆಮಿಕೋಲನ್ ಹಾಕಿ ಬರೆಯಿರಿ. ಕಂಟ್ರೋಲರ್ ಅರ್ಧಜೀವದಲ್ಲಿದ್ದು ಕೀಬೋರ್ಡ್ ಇನ್ನೂ ನಡೆಯುತ್ತಿದ್ದರೆ, ಅನ್‌ಬೈಂಡ್ ಆದ ಕೂಡಲೇ ಅದೂ ಹೋಗುತ್ತದೆ. ಆಮೇಲೆ ಬೈಂಡ್ ಟೈಪ್ ಮಾಡುವವರು ಯಾರು? ಪೆನ್ ಡ್ರೈವ್, ಡಿಸ್ಕುಗಳನ್ನು ಮೊದಲೇ ಅನ್‌ಮೌಂಟ್ ಮಾಡಿ (ಸಿಸ್ಟಮ್‌ನಿಂದ ಸುರಕ್ಷಿತವಾಗಿ ಬಿಡಿಸಿ), ಇಲ್ಲದಿದ್ದರೆ ಫೈಲ್ ಕೆಡಬಹುದು. ಇದಕ್ಕೂ ಏಳದಿದ್ದರೆ ಶಟ್‌ಡೌನ್ ಮಾಡಿ, ಗೋಡೆಯ ಪ್ಲಗ್ ಕಿತ್ತು, ಒಂದು ನಿಮಿಷ ಬಿಡಿ. ಸುಮ್ನೆ ಆಫ್ ಮಾಡಿದರೆ ಸ್ಟ್ಯಾಂಡ್‌ಬೈ ಕರೆಂಟ್ ಬೋರ್ಡಿನಲ್ಲಿ ಉಳಿದೇ ಇರುತ್ತದೆ.

ಸ್ವಂತ ಡ್ರೈವರ್ ಬರೆಯುವ ಇಂಜಿನಿಯರಿಂಗ್ ಹುಡುಗ ಹುಡುಗಿಯರಿಗೆ ಒಂದು ಮಾತು. ಯುಆರ್‌ಬಿ (ಡ್ರೈವರ್ ಯುಎಸ್‌ಬಿ ಸಾಧನಕ್ಕೆ ಕಳಿಸುವ ಕೋರಿಕೆ) ವಾಪಸ್ ಬಂದಾಗ ಸ್ಟೇಟಸ್ ನೋಡದೆ ಮತ್ತೆ ಕಳಿಸಬೇಡಿ. ಮೈನಸ್ 32 ಬಂದರೆ ಎಂಡ್‌ಪಾಯಿಂಟಿನ (ಸಾಧನದೊಳಗಿನ ಡೇಟಾ ದಾರಿಯ ತುದಿ) ಹಾಲ್ಟ್, ಅಂದರೆ ತಡೆ, ತೆಗೆಯಿರಿ. ಅದನ್ನು ಇಂಟರಪ್ಟ್ ಹೊತ್ತಿನಲ್ಲಿ ಮಾಡುವಂತಿಲ್ಲ, ವರ್ಕ್‌ಕ್ಯೂಗೆ (ಕರ್ನಲ್ ಆಮೇಲೆ ಮಾಡುವ ಕೆಲಸಗಳ ಸಾಲು) ಹಾಕಿ. ಮೈನಸ್ 71 ಬಂದರೆ ಸ್ವಲ್ಪ ಬಿಟ್ಟು, ಎಣಿಸಿಟ್ಟು, ಕೆಲವೇ ಸಲ ಪ್ರಯತ್ನಿಸಿ. ಮೈನಸ್ 108 ಬಂದರೆ ಸಾಧನ ಹೋಯಿತು, ಅಲ್ಲಿಗೇ ಬಿಡಿ. ಕಿತ್ತುಹೋದ ಸಾಧನಕ್ಕೆ ನಿಲ್ಲದೆ ಯುಆರ್‌ಬಿ ಕಳಿಸುತ್ತಾ ಲಾಗ್ ತುಂಬಿಸುವ ಡ್ರೈವರ್ ಬೇರೆಯವರ ಸುಳಿವನ್ನೂ ಮುಚ್ಚಿಹಾಕುತ್ತದೆ.

ಅಂಗಡಿಯ ಮಾತಿಗೆ ಬರುತ್ತೇನೆ. ಯುಎಸ್‌ಬಿ 2 ಪೋರ್ಟಿನ ಲೆಕ್ಕ 500 ಮಿಲಿಆಂಪಿಯರ್, ಯುಎಸ್‌ಬಿ 3ರದ್ದು 900. ಸ್ವಂತ ಅಡಾಪ್ಟರ್ ಇಲ್ಲದ ಹಬ್ಬಿಗೆ ಎಷ್ಟೇ ಸಾಧನ ಚುಚ್ಚಿದರೂ ಎಲ್ಲಾ ಅಷ್ಟರಲ್ಲೇ ಹಂಚಿಕೊಳ್ಳಬೇಕು. ಡಿಸ್ಕ್ ತಿರುಗಲು ಶುರುವಾಗುವಾಗ ಜಾಸ್ತಿ ಎಳೆಯುತ್ತದೆ. ನಾವು ಅಡಾಪ್ಟರ್ ಇರುವ ಹಬ್ ತಂದೆವು, ಡಿಸ್ಕನ್ನು ನೇರ ಹಿಂದಿನ ಪೋರ್ಟಿಗೆ ಹಾಕಿದೆವು. ಯುಎಸ್‌ಬಿ ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಯುಎಸ್‌ಬಿಗೆ ಮೈನಸ್ ಟಿ ಸೇರಿಸಿ ನೋಡಿದರೆ, ಮೊದಲು 480ಎಂ (ಸೆಕೆಂಡಿಗೆ ಮೆಗಾಬಿಟ್ ಲೆಕ್ಕದ ವೇಗ) ಎಂದು ತೋರಿಸುತ್ತಿದ್ದ ಡಿಸ್ಕ್ ಈಗ 5000ಎಂ ತೋರಿಸಿತು. ಮೈನಸ್ 71 ಆಮೇಲೆ ಬಂದಿಲ್ಲ. ಅನ್‌ಬೈಂಡ್, ಬೈಂಡ್ ಮಾಡುವ ಆ ಒಂದು ಸಾಲಿನ ಆಜ್ಞೆಯನ್ನು ನನ್ನ ತಮ್ಮ ಸ್ಕ್ರಿಪ್ಟ್ ಮಾಡಿಟ್ಟುಕೊಂಡಿದ್ದಾನೆ, ಮೊಬೈಲಿನಿಂದ ಓಡಿಸುವುದನ್ನೂ ಕಲಿತಿದ್ದಾನೆ.