ತಿಂಗಳಿಗೆ 5,500ರಲ್ಲಿ ಮೈಸೂರಲ್ಲಿ ಎಂ.ಎ. ಓದಿದ್ದು: ನನ್ನ ಅನುಭವ

ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ ಮಾನಸಗಂಗೋತ್ರೀಲಿ ಎಂ.ಎ. ಸೀಟು ಸಿಕ್ತು ಅಂದಾಗ ನಮ್ಮಪ್ಪ ಕೇಳಿದ್ದು ಒಂದೇ ಮಾತು, "ತಿಂಗ್ಳಿಗೆ ಎಷ್ಟ್ ಬೇಕಾಯ್ತದವ್ವ?" ಅಂತ. ಐದೂವರೆ ಸಾವ್ರ ಅಂದೆ, ಅಂದಾಜಲ್ಲಿ ಹೇಳಿದ್ದು, ಆಮೇಲೆ ನೋಡಿದ್ರೆ ಹೆಚ್ಚುಕಮ್ಮಿ ಅಷ್ಟರಲ್ಲೇ ಎರಡು ವರ್ಷ ಮುಗೀತು. ಆದ್ರೆ ಅವತ್ತು ನಾನೂ ಯೋಚನೆ ಮಾಡಿರ್ಲಿಲ್ಲ, ಅಪ್ಪಾನೂ ಕೇಳ್ಲಿಲ್ಲ, ಮೊದಲನೇ ತಿಂಗಳು ಒಟ್ಟಿಗೆ ಎಷ್ಟು ಬೇಕು ಅಂತ. ನಮಗೆ ಕಷ್ಟ ಆಗಿದ್ದು ಅಲ್ಲೇ. ಮೈಸೂರಲ್ಲಿ ತಿಂಗಳ ಖರ್ಚು ಹೇಗೋ ಸರಿದೂಗುತ್ತೆ, ಒಂದೇ ಸಲಕ್ಕೆ ಬರೋ ದೊಡ್ಡ ಖರ್ಚು ಮತ್ತೆ ತಡವಾಗಿ ಬರೋ ದುಡ್ಡು ಇವೆರಡರ ಮಧ್ಯೆ ಸಿಕ್ಕಾಕೊಂಡ್ರೆ ಉಸಿರು ಕಟ್ಟುತ್ತೆ.

ನಮ್ಮೂರು ಕೊಳ್ಳೇಗಾಲದ ಹತ್ರ. 2022ರ ಡಿಸೆಂಬರಲ್ಲಿ ಬಂದಿದ್ದು. ಬಿಸಿಎಂ (ಹಿಂದುಳಿದ ವರ್ಗಗಳ) ಹಾಸ್ಟೆಲ್‌ಗೆ ಅರ್ಜಿ ಹಾಕಿದ್ದೆ, ಲಿಸ್ಟಲ್ಲಿ ಹೆಸರು ಬರ್ಲಿಲ್ಲ. ಕ್ಲಾಸು ಶುರುವಾಗಿಬಿಟ್ಟಿತ್ತು, ಇನ್ನೇನು ಮಾಡೋದು ಅಂತ ಒಂದು ಪಿಜಿಗೆ ಸೇರ್ಕೊಂಡೆ, ಊಟ ಸೇರಿ 5,500, ಒಂದು ರೂಮಲ್ಲಿ ನಾಲ್ಕು ಜನ. ಅಂದ್ರೆ ನಾನು ಅಪ್ಪಂಗೆ ಹೇಳಿದ್ದ ದುಡ್ಡೆಲ್ಲಾ ಅಲ್ಲಿಗೇ ಹೋಯ್ತು, ಮಿಕ್ಕ ಖರ್ಚಿಗೆ ಏನೂ ಉಳೀಲಿಲ್ಲ. ರಾತ್ರಿ ಒಂಬತ್ತಕ್ಕೆ ಲೈಟ್ ಆಫ್ ಮಾಡೋರು ಬೇರೆ, ಓದೋಕೆ ಮೆಟ್ಟಿಲ ಮೇಲೆ ಕೂರ್ಬೇಕಿತ್ತು. ಒಂದೇ ತಿಂಗಳು ಇದ್ದಿದ್ದು.

ಆಮೇಲೆ ಕ್ಲಾಸಲ್ಲಿ ಪರಿಚಯ ಆದ ಇಬ್ಬರ ಜೊತೆ ಸೇರಿ ಪಡುವಾರಹಳ್ಳೀಲಿ ಮನೆ ಹುಡುಕಿದ್ವಿ. ಗಂಗೋತ್ರಿಗೆ ಸೇರೋ ಹುಡುಗ ಹುಡುಗಿಯರು ಮೊದಲು ಅಲ್ಲೇ ಕೇಳಿನೋಡಿ ಅಂತ ಹೇಳ್ತೀನಿ, ವಿನಾಯಕನಗರ ಅಂತಾನೂ ಅದಕ್ಕೆ ಹೆಸರಿದೆ. ಕ್ಯಾಂಪಸ್‌ಗೆ ಒತ್ತಿಕೊಂಡೇ ಇದೆ, ನಡ್ಕೊಂಡೇ ಹೋಗ್ಬಹುದು. ಜಯಲಕ್ಷ್ಮೀಪುರಂ, ಸರಸ್ವತಿಪುರಂ ಕಡೆನೂ ನೋಡಿದ್ವಿ, ಮನೆ ಚೆನ್ನಾಗಿದ್ವು, ನಮ್ಮ ಕೈಗೆಟುಕ್ಲಿಲ್ಲ. ಸಿಕ್ಕಿದ್ದು ಮೊದಲನೇ ಮಹಡೀಲಿ ಒಂದು ರೂಮು, ಪುಟ್ಟ ಅಡುಗೆಮನೆ, ಬಾತ್‌ರೂಮು. ಬಾಡಿಗೆ 7,500, ತಲೆಗೆ 2,500 ಅಂದಾಗ ಖುಷಿಯಾಯ್ತು, ಅಡ್ವಾನ್ಸ್ 45,000 ಅಂದಾಗ ಮೂರೂ ಜನ ಮುಖ ಮುಖ ನೋಡ್ಕೊಂಡ್ವಿ. ತಲೆಗೆ 15,000. ಅವ್ವ ಸಂಘದಲ್ಲಿ ಸಾಲ ತೆಗೆದು ಕೊಟ್ಲು, ಅದರ ವಾರದ ಕಂತು ಕಟ್ಟೋಕೆ ಅವಳು ಎಷ್ಟು ಪಾಡುಪಟ್ಟಳು ಅಂತ ನಂಗೊತ್ತು. ಅದಕ್ಕೇ ಈ ವಿಷಯ ಮತ್ತೆ ಮತ್ತೆ ಹೇಳ್ತೀನಿ, ಮೈಸೂರಿಗೆ ಬರೋ ಮುಂಚೆ ಅಡ್ವಾನ್ಸಿನ ಪಾಲು, ಒಂದು ತಿಂಗಳ ಬಾಡಿಗೆ, ಪಾತ್ರೆ ಪಗಡ, ಹಾಸಿಗೆ, ಅಡ್ಮಿಷನ್ ಫೀಸು ಇಷ್ಟನ್ನೂ ಒಟ್ಟಿಗೆ ಲೆಕ್ಕ ಹಾಕಿ, ಆಗಲೇ ಹಾಕಿ.

ಸ್ಕಾಲರ್‌ಶಿಪ್ ಬರುತ್ತಲ್ಲಾ ಅನ್ಕೋತೀರ. ಬರುತ್ತೆ. ಹಾಸ್ಟೆಲ್ ಸಿಗದೇ ಇರೋ ಹಿಂದುಳಿದ ವರ್ಗದವ್ರಿಗೆ ವಿದ್ಯಾಸಿರಿ ಇದೆ, ನಾನು ಓದೋವಾಗ ತಿಂಗಳಿಗೆ 1,500ರಂತೆ 10 ತಿಂಗಳು, ವರ್ಷಕ್ಕೆ 15,000 ಕೊಡ್ತಿದ್ರು, ದೊಡ್ಡ ಆಸರೆ. ಎಸ್‌ಎಸ್‌ಪಿ ಅನ್ನೋ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲಲ್ಲಿ ಜಾತಿ ಆದಾಯ ಸರ್ಟಿಫಿಕೇಟಿನ ಆರ್‌ಡಿ ನಂಬರ್ ಹಾಕಿ ಅರ್ಜಿ ಹಾಕ್ದೆ, ಎಲ್ಲಾ ಸರಿಯಾಗಿತ್ತು, ಜೊತೆಯವರಿಗೆ ಬಂತು, ನಂಗೆ ಬರ್ಲಿಲ್ಲ. ವಿಚಾರಿಸಿ ವಿಚಾರಿಸಿ ಕೊನೆಗೆ ಗೊತ್ತಾಗಿದ್ದು, ನನ್ನ ಅಕೌಂಟಿಗೆ ಆಧಾರ್ ಕೊಟ್ಟಿದ್ದೆ ನಿಜ, ಆದ್ರೆ ಎನ್‌ಪಿಸಿಐ ಅನ್ನೋ ಹಣ ಪಾವತಿ ಸಂಸ್ಥೇಲಿ ಆ ನಂಬರಿಗೆ ಅಕೌಂಟ್ ಜೋಡಿಸೋ ಮ್ಯಾಪಿಂಗ್ ಆಗಿರ್ಲಿಲ್ಲ. ಸರ್ಕಾರದ ದುಡ್ಡು ಆಧಾರ್ ನಂಬರ್ ಹಿಡ್ಕೊಂಡೇ ಅಕೌಂಟಿಗೆ ಹೋಗೋದು, ಆ ಮ್ಯಾಪಿಂಗ್ ಇಲ್ದಿದ್ರೆ ದುಡ್ಡಿಗೆ ದಾರಿನೇ ಗೊತ್ತಾಗಲ್ಲ. ಬ್ಯಾಂಕಿಗೆ ಹೋಗಿ ಒಂದು ಫಾರಂ ಬರೆದುಕೊಟ್ಟೆ, ಅಷ್ಟೇ ಕೆಲಸ. ದುಡ್ಡು ಕೈಗೆ ಬರೋ ಹೊತ್ತಿಗೆ ಎರಡನೇ ವರ್ಷ ಶುರುವಾಗಿತ್ತು. ಅರ್ಜಿ ಹಾಕೋ ದಿನಾನೇ ಇದನ್ನ ಚೆಕ್ ಮಾಡ್ಕೊಳ್ಳಿ, ಸ್ಕಾಲರ್‌ಶಿಪ್ ನಂಬ್ಕೊಂಡು ಬಾಡಿಗೆ ಕಟ್ಟೋ ಪ್ಲಾನ್ ಮಾಡ್ಬೇಡಿ. ನಾನು ಆ ದುಡ್ಡನ್ನ ಬಂದಾಗ ಹಾಗೇ ಅವ್ವನ ಸಾಲಕ್ಕೆ ಕಟ್ಟಿದೆ.

ಊಟಕ್ಕೆ ಬರೋಣ. ಅಕ್ಕಿ, ರಾಗಿಹಿಟ್ಟು, ಹುರುಳಿಕಾಳು, ಖಾರದ ಪುಡಿ ಎಲ್ಲಾ ಮನೆಯಿಂದ. ಮೊದಲು ಊರಿಗೆ ಹೋಗಿಬರೋಕೆ ಬಸ್ ಚಾರ್ಜು 150ರ ಹತ್ರ ಆಗ್ತಿತ್ತು, ಹಂಗಾಗಿ ತಿಂಗಳಿಗೊಂದ್ಸಲ ಹೋಗೋದು, ಒಂದೇ ಸಲ ಮೂಟೆ ಹೊರೋದು, ಸಬರ್ಬನ್ ಬಸ್‌ಸ್ಟ್ಯಾಂಡಿಂದ ಆಟೋ ಬೇರೆ. 2023ರ ಜೂನ್ 11ಕ್ಕೆ ಹೆಂಗಸರಿಗೆ ಬಸ್ ಫ್ರೀ ಮಾಡೋ ಶಕ್ತಿ ಯೋಜನೆ ಶುರುವಾಯ್ತು ನೋಡಿ, ಆಮೇಲೆ ಆಧಾರ್ ತೋರ್ಸಿ ಶೂನ್ಯ ಟಿಕೆಟ್ ತಗೊಂಡು ವಾರ ಬಿಟ್ಟು ವಾರ ಹೋಗೋಕೆ ಶುರು ಮಾಡ್ದೆ. ಸಿಟಿ ಬಸ್ಸಿಗೂ ಅದೇ. ನಾಲ್ಕೈದು ಕೆಜಿ ಚೀಲ ಒಂದೇ ಕೈಲಿ ತರಬಹುದಿತ್ತು, ಸೊಪ್ಪು, ಹಿತ್ತಲ ಬದನೇಕಾಯಿ ಎಲ್ಲಾ ಬಾಡದೆ ಬರ್ತಿತ್ತು. ಉಳಿದ ಬಸ್‌ಚಾರ್ಜಿಗಿಂತ ನಂಗೆ ಇದೇ ದೊಡ್ಡದಾಗಿ ಕಂಡಿದ್ದು, ತರಕಾರಿ ಖರ್ಚು ಅರ್ಧಕ್ಕೆ ಇಳೀತು.

ಕರೆಂಟ್ ವಿಷಯದಲ್ಲಿ ಮಾತ್ರ ಒಂದು ಪೆಟ್ಟು ತಿಂದ್ವಿ. ಅದೇ ವರ್ಷ ಗೃಹಜ್ಯೋತಿ ಬಂತು, 200 ಯೂನಿಟ್ ಫ್ರೀ ಅಂತ ಎಲ್ರೂ ಹೇಳಿದ್ರು, ಬಾಡಿಗೆಯವರಿಗೂ ಇತ್ತಲ್ಲ, ರಿಜಿಸ್ಟರ್ ಮಾಡ್ಸಿ ಇಂಡಕ್ಷನ್ ಸ್ಟೌವಲ್ಲೇ ಬೆಳಗ್ಗೆ ಸಂಜೆ ಅಡುಗೆ. ಬಿಲ್ ಬಂತು. ಆಗಿನ ಲೆಕ್ಕ ಏನಪ್ಪಾ ಅಂದ್ರೆ, ಆ ಮನೆ ಹಿಂದಿನ ವರ್ಷ ಸರಾಸರಿ ಎಷ್ಟು ಬಳಸಿತ್ತೋ ಅದರ ಮೇಲೆ ಶೇ. 10 ಸೇರಿಸಿ ಅಷ್ಟು ಮಾತ್ರ ಫ್ರೀ ಕೊಡ್ತಿದ್ರು, 200 ಅನ್ನೋದು ಗರಿಷ್ಠ ಮಿತಿ. ನಾವು ಬರೋ ಮುಂಚೆ ಆ ಮನೆ ಎಷ್ಟೋ ತಿಂಗಳು ಖಾಲಿ ಇತ್ತಂತೆ, ಸರಾಸರಿ ತೀರಾ ಕಮ್ಮಿ, ನಾವು ಉರಿಸಿದ ಮಿಕ್ಕ ಯೂನಿಟ್ಟಿಗೆಲ್ಲಾ ದುಡ್ಡು ಕಟ್ಬೇಕಾಯ್ತು. ಮನೆ ನೋಡೋಕೆ ಹೋದಾಗ ಹಳೇ ಕರೆಂಟ್ ಬಿಲ್ ಕೇಳ್ಬೇಕು ಅನ್ನೋದು ಆವಾಗ ಗೊತ್ತಾಯ್ತು. ಆಮೇಲೆ 5 ಕೆಜಿಯ ಛೋಟು ಸಿಲಿಂಡರ್ ತಗೊಂಡ್ವಿ, ಅಡ್ರೆಸ್ ಪ್ರೂಫ್ ಬೇಡ, ಐಡಿ ತೋರ್ಸಿದ್ರೆ ಸಾಕು. ಕೆಜಿ ಲೆಕ್ಕದಲ್ಲಿ ನೋಡಿದ್ರೆ ಮನೆ ಸಿಲಿಂಡರ್‌ಗಿಂತ ದುಬಾರಿನೇ, ಆದ್ರೂ ಮೂರು ಜನಕ್ಕೆ ಇಪ್ಪತ್ತು ದಿನ ಬರ್ತಿತ್ತು. ಇನ್ನೊಂದು ಲಾಭ ಏನಂದ್ರೆ ಮುದ್ದೆ ಸರಿಯಾಗಿ ಆಗ್ತಿತ್ತು. ಇಂಡಕ್ಷನ್ ಮೇಲೆ ಹಿಟ್ಟು ತೊಳಸೋಕೆ ಹೋದ್ರೆ ಪಾತ್ರೆ ಜಾರುತ್ತೆ, ಗಟ್ಟಿ ಹಿಡ್ಕೊಳ್ಳೋಕಾಗಲ್ಲ, ಗಂಟು ಉಳಿಯುತ್ತೆ. ಗ್ಯಾಸಲ್ಲಿ ಎಸರು ಕುದಿ ಬಂದ್ಮೇಲೆ ಹಿಟ್ಟು ಸುರಿದು, ಸಣ್ಣ ಉರಿಯಲ್ಲಿ ಬೇಯೋಕೆ ಬಿಟ್ಟು, ಪಾತ್ರೆ ಕೆಳಗಿಳಿಸಿ ಎರಡು ಪಾದದ ಮಧ್ಯೆ ಬಟ್ಟೆ ಸುತ್ತಿ ಹಿಡ್ಕೊಂಡು ಒಬ್ಳು ಕೋಲು ಹಾಕೋಳು, ಇನ್ನೊಬ್ಳು ತಟ್ಟೆಗೆ ನೀರು ಸವರೋಳು. ಮೂರು ಮುದ್ದೆ ರಾತ್ರಿಗೆ, ಹುರುಳಿಕಾಳು ಸಾರು, ಅಷ್ಟು ಉಂಡ್ರೆ ಹನ್ನೆರಡು ಗಂಟೆವರೆಗೂ ಓದ್ಬಹುದಿತ್ತು.

ತೀರಾ ಪರೀಕ್ಷೆ ದಿನಗಳಲ್ಲಿ ಇಂದಿರಾ ಕ್ಯಾಂಟೀನು. ತಿಂಡಿ 5 ರೂಪಾಯಿ, ಊಟ 10. ಅಲ್ಲಿ ತಿನ್ನೋಕೆ ನಾಚ್ಕೊಳ್ಳೋರನ್ನ ನೋಡಿದೀನಿ, ನಂಗಂತೂ ಆ ಬಿಸಿ ಇಡ್ಲಿ ಮೇಲೆ ಗೌರವ ಇದೆ.

ದುಡಿಮೆ ಅಂತ ಮಾಡಿದ್ದು ಟೈಪಿಂಗ್. ಡಿಗ್ರೀಲಿದ್ದಾಗ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಕಲಿತಿದ್ದೆ, ಹತ್ತಿರದ ಒಂದು ಡಿಟಿಪಿ ಅಂಗಡೀಲಿ ಪಿಎಚ್‌ಡಿ ಪ್ರಬಂಧಗಳು ಬರ್ತಿದ್ವು, ಕೈಬರಹದಲ್ಲಿ, ಗೈಡ್ ಕೆಂಪು ಇಂಕಲ್ಲಿ ತಿದ್ದಿರೋ ಹಾಳೆಗಳು. ಪೇಜಿಗೆ 12 ರೂಪಾಯಿ. ಸಂಜೆ ಎರಡು ಗಂಟೆ ಕೂತ್ರೆ ಎಂಟು ಒಂಬತ್ತು ಪೇಜು. ನುಡಿಯಿಂದ ಯೂನಿಕೋಡಿಗೆ (ಎಲ್ಲಾ ಕಂಪ್ಯೂಟರಲ್ಲೂ ಓದೋಕಾಗೋ ಅಕ್ಷರಕ್ಕೆ) ಹಾಕಿದ್ಮೇಲೆ ಅರ್ಕಾವತ್ತು, ಒತ್ತಕ್ಷರ ಎಲ್ಲೆಲ್ಲೋ ಕೆಟ್ಟು ಕೂತಿರ್ತಿತ್ತು, ಒಂದೊಂದೇ ಸಾಲು ಓದಿ ಸರಿ ಮಾಡ್ಬೇಕು, ನಾನದನ್ನ ಬಿಡದೆ ಮಾಡ್ತಿದ್ದೆ ಅಂತ ಅಂಗಡಿಯಣ್ಣ ಪ್ರಬಂಧದ ಕೆಲಸ ಎಲ್ಲಾ ನಂಗೇ ಇಡ್ತಿದ್ರು. ತಿಂಗಳಿಗೆ 1,500ರಿಂದ 1,800 ಸಿಗ್ತಿತ್ತು. ಪರೀಕ್ಷೆ ಫೀಸನ್ನ ಮನೇಲಿ ಕೇಳದೆ ಕಟ್ಟಿದ್ದು ಈ ದುಡ್ಡಲ್ಲೇ.

ಲೆಕ್ಕ ಬೇಕು ಅನ್ನೋರಿಗೆ: ಬಾಡಿಗೆ 2,500, ದಿನಸಿ ತರಕಾರಿ ಹಾಲು 1,300, ಗ್ಯಾಸು ಕರೆಂಟು ನೀರು ಸೇರಿ 450, ಜೆರಾಕ್ಸು ಪುಸ್ತಕ 400, ಫೋನು 250, ಸೋಪು ಔಷಧಿ ಕಾಫಿ ಅದೂ ಇದೂ 600. ಅಲ್ಲಿಗೆ 5,500. ಅಕ್ಕಿ ರಾಗಿ ಕೊಂಡುಕೊಳ್ಳೋ ಹಂಗಿದ್ರೆ ಇಷ್ಟರಲ್ಲಿ ಆಗಲ್ಲ, ಅದನ್ನ ಮೊದ್ಲೇ ಹೇಳಿಬಿಡ್ತೀನಿ. ದಸರಾ ತಿಂಗಳಲ್ಲೂ ಆಗಲ್ಲ, ಊರಿಂದ ಚಿಕ್ಕಪ್ಪನ ಮಕ್ಕಳೆಲ್ಲಾ ಬಂದು ಉಳ್ಕೋತಾರೆ, ವಸ್ತುಪ್ರದರ್ಶನಕ್ಕೆ ಕರ್ಕೊಂಡು ಹೋಗ್ದೆ ಇರೋಕಾಗುತ್ತಾ. ಆದ್ರೆ ಗಂಗೋತ್ರಿ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ ನಡೆಯುತ್ತೆ, ಬೇರೆ ಬೇರೆ ಊರಿನ ಕಾಲೇಜು ಹುಡುಗರು ಬಂದು ಕುಣಿತಾರೆ, ಅದಕ್ಕೆ ಟಿಕೆಟ್ ಇಲ್ಲ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಗ್ಗೆ ನಡೆಯೋಕೂ ಏನೂ ಖರ್ಚಿಲ್ಲ. ಮಾನಸಗಂಗೋತ್ರಿ ಅಂತ ಹೆಸರಿಟ್ಟ ಕುವೆಂಪು ಅವರು ಓಡಾಡಿದ ಜಾಗ ಅದು, ಪರೀಕ್ಷೆ ಭಯ ಹೆಚ್ಚಾದಾಗಲೆಲ್ಲ ನಾನು ಅಲ್ಲಿ ಹೋಗಿ ಒಂದು ಸುತ್ತು ಹಾಕಿ ಬರ್ತಿದ್ದೆ.

ಮನೆ ಖಾಲಿ ಮಾಡುವಾಗ ಓನರ್ ಅಜ್ಜಿ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೊಂಡು 37,500 ವಾಪಸ್ ಕೊಟ್ರು. ನನ್ನ ಪಾಲಿನ 12,500ನ್ನ ಬಿ.ಎಡ್. ಫೀಸಿಗೆ ಎತ್ತಿಟ್ಟೆ. ಛೋಟು ಸಿಲಿಂಡರು, ಮುದ್ದೆ ಪಾತ್ರೆ, ಕೋಲು ಮೂರನ್ನೂ ಅದೇ ಮನೆಗೆ ಬಂದ ಜೂನಿಯರ್ ಹುಡುಗಿಯರಿಗೆ ಬಿಟ್ಟುಬಂದ್ವಿ. "ಅಕ್ಕ, ಇಂಡಕ್ಷನ್ ತರ್ಲಾ?" ಅಂತ ಅವ್ರಲ್ಲೊಬ್ಳು ಕೇಳಿದ್ಲು. ಬಾ ಕೂತ್ಕೋ ಅಂತ ಹಳೇ ಬಿಲ್ ತೆಗೆದು ತೋರ್ಸಿದೆ.