ಹೊಸ ಟೈಲರುಗಳನ್ನು ಹಿಂದಿನ ಸಾಲಿಗೆ ಹಾಕಿದ ಮೇಲೆ

ಹೊಸದಾಗಿ ಸೇರಿದ ಟೈಲರನ್ನು ಮೇಸ್ತ್ರಿಯ ಕಣ್ಣೆದುರಿಗೇ ಕೂಡಿಸಬೇಕೆಂಬುದು ಬಳ್ಳಾರಿಯ ನಮ್ಮ ಜೀನ್ಸ್ ಘಟಕಗಳಲ್ಲಿ ನಡೆದುಬಂದ ಪದ್ಧತಿ. ನಾನು ಹೊಸಬರನ್ನು ಹಿಂದಿನ ಗೋಡೆಯ ಬದಿಗೂ ಪಳಗಿದವರನ್ನು ಬಾಗಿಲ ಬದಿಗೂ ಹಾಕಿದಾಗ, ಬಟ್ಟೆಯೂ ಹಾಳು, ಸಂಬಳವೂ ದಂಡವೆಂದು ಜೊತೆಗಾರರು ಎಚ್ಚರಿಸಿದ್ದರು. ಈಗ ಅವರಲ್ಲೇ ಇಬ್ಬರು ಬಂದು ನನ್ನ ಮಷಿನುಗಳ ಸಾಲನ್ನು ನೋಡಿಕೊಂಡು ಹೋಗಿದ್ದಾರೆ.

ಇದಕ್ಕೂ ಮುಂಚೆ ಹಣ ಬಹಳ ಹೋಯಿತು. ಜಿಪ್ಪು ಮತ್ತು ಬೆಲ್ಟಿನ ಹೊಲಿಗೆ ಬಿಚ್ಚಿ ಹೊಲಿಯುವ ಕೆಲಸ ತಪ್ಪಲಿ ಎಂದು ಸುಮಾರು 30 ಸಾವಿರ ರೂಪಾಯಿ ಕೊಟ್ಟು ಕ್ಯಾಮೆರಾ ಹಾಕಿಸಿದೆ. ಹಳಬರ ಪೀಸು ಏರಿತು, ಹೊಸಬರ ತಪ್ಪುಗಳೂ ಏರಿದವು. ಬಳಿಕ ತಪ್ಪಿಲ್ಲದ ಪ್ರತಿ ಪೀಸಿಗೆ ಒಂದು ರೂಪಾಯಿ ಹೆಚ್ಚು ಕೊಟ್ಟೆ. ಇದಕ್ಕೆ ಒಂದೆರಡು ತಿಂಗಳಲ್ಲಿ 20 ಸಾವಿರದಷ್ಟು ಕರಗಿತಲ್ಲದೆ, ಕೆಟ್ಟ ಪೀಸುಗಳು ಬಂಡಲಿನ ಅಡಿಯಲ್ಲಿ ಸೇರಿಕೊಂಡು ವಾಷಿಂಗ್ ಮುಗಿದ ಮೇಲೆ ಕಣ್ಣಿಗೆ ಬಿದ್ದವು. ಆಗ ಬಿಚ್ಚಿದರೆ ಹಳೆಯ ಹೊಲಿಗೆಯ ಗೆರೆ ಉಳಿದುಬಿಡುತ್ತದೆ. ಮಾಲು ಅರ್ಧ ಬೆಲೆಗೆ ಹೋಗುತ್ತದೆ.

ಒಂದೇ ಕ್ಯಾಮೆರಾ ಒಬ್ಬರನ್ನು ಏರಿಸಿ ಇನ್ನೊಬ್ಬರನ್ನು ಇಳಿಸಿದ್ದೇಕೆ ಎಂಬುದಕ್ಕೆ ಉತ್ತರ ಮನಶ್ಶಾಸ್ತ್ರದಲ್ಲಿ ಸಿಕ್ಕಿತು. ಇತರರ ಇರುವಿಕೆಯಿಂದ ದೇಹ ಉದ್ರೇಕಗೊಂಡು, ಕೈಗೆ ಮೊದಲು ಬರುವ ರೂಢಿಯೇ ಬಲವಾಗುತ್ತದೆಂದು ರಾಬರ್ಟ್ ಝಾಯೊನ್ಸ್ 1965ರಲ್ಲಿ ವಿವರಿಸಿದರು. ಪಳಗಿದವನಲ್ಲಿ ಆ ರೂಢಿ ಸರಿಯಾದದ್ದು, ಕಲಿಯುವವನಲ್ಲಿ ಬಹುಪಾಲು ತಪ್ಪಾದದ್ದು. 1969ರಲ್ಲಿ ಅವರ ತಂಡ ಇದನ್ನು ಜಿರಳೆಗಳಲ್ಲೇ ಪರೀಕ್ಷಿಸಿತು: ಬೇರೆ ಜಿರಳೆಗಳು ಎದುರಿಗಿದ್ದಾಗ ನೇರ ದಾರಿಯಲ್ಲಿ ಬೆಳಕಿನಿಂದ ಬೇಗ ಓಡಿದವು, ತಿರುವಿನ ದಾರಿಯಲ್ಲಿ ತಡವಾದವು. ಹೊಸಬನಿಗೆ ಜಿಪ್ಪಿನ ಪಟ್ಟಿ ತಿರುವಿನ ದಾರಿಯೇ.

ಆದ್ದರಿಂದ ಹಿಂದಿನ ಸಾಲಿನ ಕ್ಯಾಮೆರಾವನ್ನು ತೆಗೆಸಿದೆ. ಮೇಸ್ತ್ರಿ ಬೆನ್ನ ಹಿಂದೆ ನಿಲ್ಲುವುದನ್ನು ಬಿಟ್ಟು, ಬೆಳಿಗ್ಗೆ ಮತ್ತು ಊಟದ ನಂತರ ಬಂಡಲನ್ನು ಬೇರೆ ಮೇಜಿಗೆ ತರಿಸಿಕೊಂಡು ಎಣಿಸಿ ಹೇಳುತ್ತಾರೆ. ಮೊದಲ ವಾರ ಬರೀ ಚಿಂದಿ ಬಟ್ಟೆಯ ಮೇಲೆ ಹೊಲಿಗೆ. ನಡುವೆ ಮಷಿನುಗಳನ್ನು ಗೋಡೆಗೆ ಮುಖ ಮಾಡಿಸಿಯೂ ನೋಡಿದೆ, ಆದರೆ ಹೆಣ್ಣುಮಕ್ಕಳು ಅದನ್ನು ಶಿಕ್ಷೆಯೆಂದು ತಿಳಿದು ನೊಂದುಕೊಂಡದ್ದರಿಂದ ಕೈಬಿಟ್ಟೆ. ಹಳಬರಲ್ಲಿ ಹಿಂಜೇಬು ಹೊಲಿಯುವವರನ್ನು ಎದುರುಬದುರು ಕೂಡಿಸಿದ ಪ್ರಯೋಗ ಮಾತ್ರ ಚೆನ್ನಾಗಿ ಫಲಿಸಿತು. ದಿನದ ಪೀಸು ಹತ್ತಕ್ಕೊಂದರಷ್ಟು ಹೆಚ್ಚಿತು.

ಹಿಂದೆ ಹೊಸಬರ ನೂರು ಪೀಸಿನಲ್ಲಿ 15–16 ಮರಳಿ ಬರುತ್ತಿದ್ದವು, ಈಗ ಐದಾರು. ಮೂರು ತಿಂಗಳು ಹಿಡಿಯುತ್ತಿದ್ದ ಕಲಿಕೆ ಒಂದೂವರೆ ತಿಂಗಳಿಗೆ ಇಳಿದಿದೆ. ನಮ್ಮ ಅಳತೆಯ ಘಟಕಗಳಲ್ಲಿ ಇಷ್ಟು ಬೇಗ ಟೈಲರನ್ನು ತಯಾರು ಮಾಡಿದವರನ್ನು ನಾನು ಕಂಡಿಲ್ಲ. ಯಾವ ದಿನ ಅವರನ್ನು ಮುಂದಿನ ಸಾಲಿಗೆ ತರಬೇಕೆಂಬುದಕ್ಕೆ ಅವರ ಕೈಯಲ್ಲಿ ಒಂದು ಗುರುತು ನೋಡುತ್ತೇನೆ, ಅದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಕಟಿಂಗ್ ಮೇಜಿಗೆ ಮಾತ್ರ ಈ ಕ್ರಮ ಒಗ್ಗುವುದಿಲ್ಲ. ಅಲ್ಲಿ ಕತ್ತರಿ ಒಮ್ಮೆ ತಪ್ಪಿದರೆ ಇಡೀ ಥಾನಿನ ಪದರವೇ ಹೋಗುವುದರಿಂದ ಮಾಸ್ಟರ್ ಪಕ್ಕದಲ್ಲೇ ನಿಲ್ಲುತ್ತಾರೆ.